ಲಗೇಜು ಟಿಕೇಟು

ಎಡಗಡೆ ಪೆಡಲು ಉಲ್ಟಾ ತಿರುಗಿಸಬೇಕಮ್ಮ,
ಅಂದ ಗೌಸ್ ಪೀರ್, ಸ್ಪ್ಯಾನರು ನನ್ನ ಕೈಗೆ ಕೊಡದೆ.
ಬಲದ್ದು ಎಲ್ಲರ ಹಾಗೆ. ಎಡದ್ದು ಹಾಗಲ್ಲ.
ಬಿಚ್ಚುತ್ತಾ ಇದ್ದೀನಿ ಅಂದುಕೊಂಡು
ಇನ್ನೂ ಬಿಗಿ ಮಾಡ್ತಾ ಇರ್ತೀರ.

ನೀಲಸಂದ್ರದ ಅವನ ಅಂಗಡಿ ಅಂದರೆ
ಒಂದು ಶಟರು, ಎದುರಿಗೆ ಮೋರಿಯ ಚಪ್ಪಡಿ.
ಶನಿವಾರ ನನಗೆ ವಾರದ ರಜೆ.
ಚಪ್ಪಡಿಯ ಮೇಲೆ ಕೂತು, ಒಂದು ಲೋಟ ಚಹಾ ಆರುವಷ್ಟರಲ್ಲಿ
ನನ್ನ ಸೈಕಲ್ಲು ಬರೀ ಸಾಮಾನಾಗುವುದನ್ನು ನೋಡಿದೆ.

ಮುಂದಿನ ಚಕ್ರ ಮೊದಲು ಬಂತು.
ಫೋರ್ಕಿನ ಎರಡು ಕಾಲು ಒಳಕ್ಕೆ ಬಾಗದ ಹಾಗೆ
ನಡುವೆ ಹಳೆಯದೊಂದು ಆಕ್ಸಲ್ಲು ಬಿಗಿದ.
ಬ್ರೇಕಿನ ಸಂದಿಗೆ ರಟ್ಟು ಬೇಕು ಅಂದಾಗ
ನನ್ನ ಚೀಲದಲ್ಲೇ ಇತ್ತು, ಹಳೇ ಟಿಕೇಟು ಕಟ್ಟಿನ ಅಡಿರಟ್ಟು.
ಗೇರಿನ ತೋಳಿಗೆ ಬಟ್ಟೆ ಸುತ್ತಿದ,
ಪುತ್ತೂರು ಕಟ್ಟು ಕಟ್ಟುವವರ ಹಾಗೆ
ಮಾತಾಡಿಸುತ್ತಾ, ನನ್ನನ್ನಲ್ಲ, ಅದನ್ನು.
ಎಸ್.ಪಿ. ರೋಡಿನಲ್ಲಿ ಮೀಟರು ಲೆಕ್ಕದಲ್ಲಿ ಕೊಂಡ
ಏಸಿ ಪೈಪಿನ ಕಪ್ಪು ಫೋಮು
ಫ್ರೇಮಿನ ಉದ್ದಕ್ಕೂ ಸೀಳಿ ತೊಡಿಸಿದ.
ಸೀಟಿನ ಕಂಬ ಇಳಿಸುವ ಮುಂಚೆ, ನನ್ನ ಎತ್ತರ ಮರೆಯದಿರಲು,
ನೇಲ್‌ಪಾಲಿಷಿನಲ್ಲಿ ಒಂದು ಗೆರೆ.

ಹಲ್ಲಿನ ಚಕ್ರಕ್ಕೆ ನನ್ನ ಹಳೇ ಖಾಕಿ ಅಂಗಿ.
ಗ್ರೀಸು ಹತ್ತುತ್ತೆ, ಅಂದ.
ಹತ್ತಲಿ.
ಹತ್ತಿ ಹತ್ತಿ ಅಂತ ಇಪ್ಪತ್ತೆರಡು ವರ್ಷ
ಫುಟ್‌ಬೋರ್ಡಿನಲ್ಲಿ ಕೂಗಿದ ಅಂಗಿ ಅದು.

ಗಾಳಿಯ ವಿಷಯಕ್ಕೆ ಮಾತ್ರ ಜಗಳವಾಯಿತು.
ಪೂರ್ತಿ ಬಿಟ್ಟರೆ ರಿಮ್ಮು ನೆಲಕ್ಕೆ ಕುಕ್ಕುತ್ತೆ, ಅರ್ಧ ಇರಲಿ.
ಮೇಲೆ ಹೋದರೆ ಒಡೆಯುತ್ತಂತಲ್ಲ?
ಯಾರು ನೋಡಿದ್ದು? ನೀವು ಹೋಗಿದ್ದೀರಾ?
ಇಲ್ಲ.
ನಾನೂ ಇಲ್ಲ, ಅಂದು
ವಾಲ್ವಿನ ಮೂತಿ ಒತ್ತಿ, ಅರ್ಧಕ್ಕೆ ಬಿಟ್ಟ.

ಪೆಟ್ಟಿಗೆ ಬೇರೆ ಯಾವುದೋ ಸೈಕಲ್ಲಿನದು.
ಮೇಲೆ ಒಬ್ಬ ಹುಡುಗ ಹಲ್ಲು ಕಿರಿದು ಗುಡ್ಡ ಇಳಿಯುವ ಚಿತ್ರ.
ಸೆಲ್ವಿಯ ಗುಜರಿ ತಕ್ಕಡಿಯಲ್ಲಿ ಇಪ್ಪತ್ಮೂರೂವರೆ.
ಬಿಡುವುದು ಇಪ್ಪತ್ಮೂರು.
ಇಷ್ಟೆಲ್ಲ ಯಾಕಕ್ಕಾ, ನನಗೇ ಹಾಕಿಬಿಡು, ಅಂದಳು ಸೆಲ್ವಿ,
ಕಬ್ಬಿಣದ ರೇಟಿಗಿಂತ ಎರಡು ರೂಪಾಯಿ ಜಾಸ್ತಿ ಕೊಡ್ತೀನಿ.
ಟೇಪು ಕಿತ್ತು ಪೆಡಲು ಹೊರಗೆ ತೆಗೆದೆವು,
ಕೈಚೀಲಕ್ಕೆ, ಚಿತ್ರಾನ್ನದ ಡಬ್ಬಿಯ ಪಕ್ಕಕ್ಕೆ.
ಎಡದ್ದರ ಮೇಲೆ ಬಿಳಿ ಪ್ಲಾಸ್ಟರು ಅಂಟಿಸಿ
ಗೌಸ್ ಪೀರ್ ಬರೆದ: ಉಲ್ಟಾ.

ಶಾಂತಿನಗರದಿಂದ ಬೆಳಗಿನ ಜಾವದ ವಾಯುವಜ್ರ.
ಕಂಡಕ್ಟರು ನಮ್ಮ ಹೊಂಬಾಳೇಗೌಡ. ದುಡ್ಡು ಬೇಡ ಮೇಡಂ ಅಂದ.
ಲಗೇಜು ಟಿಕೇಟು ಹರಿಯಪ್ಪ, ಅಂದೆ,
ಹೆಬ್ಬಾಳದಲ್ಲಿ ಚೆಕಿಂಗಿನವರು ಹತ್ತಿದರೆ?
ಎಲ್ಲಿಗೆ ಮೇಡಂ ಇದನ್ನು ಹೊತ್ತುಕೊಂಡು?
ಗುವಾಹಟಿ. ಅಲ್ಲಿಂದ ಮೇಲಕ್ಕೆ.
ಮೇಲಕ್ಕೆ ಅಂದರೆ?
ಲಾಸ್ಟ್ ಸ್ಟಾಪು, ಅಂದೆ.
ಅವನು ಮುಂದೆ ಕೇಳಲಿಲ್ಲ. ಟೋಲು ಬಂದಿತ್ತು.

ಕೌಂಟರಿನ ಹುಡುಗಿ ಒಂದು ಚೀಟಿ ಚಾಚಿದಳು, ಇಲ್ಲಿ ಸಹಿ.
ಡ್ಯಾಮೇಜ್ ಆದರೆ ಕಂಪನಿ ಜವಾಬ್ದಾರಿಯಲ್ಲ.
ಈ ಸಾಲು ನನಗೆ ಬಾಯಿಪಾಠ.
ಬಾಳೆಗೊನೆಗೆ, ಹೊಲಿಗೆ ಮೆಷೀನಿಗೆ,
ಗೌರಿಹಬ್ಬದ ಹಿಂದಿನ ದಿನ ಹಸಿ ಮಣ್ಣಿನ ಗಣಪನನ್ನು
ಮಗುವಿನಂತೆ ಅಪ್ಪಿಕೊಂಡು ನಿಂತವನಿಗೆ
ನಾನೇ ಹೇಳಿದ್ದೇನೆ, ತಲೆ ಎತ್ತದೆ.
ಅವಳೂ ಎತ್ತಲಿಲ್ಲ.
ಸಹಿ ಹಾಕಿದೆ.

ದೊಡ್ಡ ಸಾಮಾನಿನ ಬಾಗಿಲು ಆಚೆ ಮೂಲೆಯಲ್ಲಿತ್ತು.
ಪೆಟ್ಟಿಗೆಯ ಬಾಣ ಮೇಲಕ್ಕೆ ಇರಬೇಕಿತ್ತು.
ಇಬ್ಬರು ಎತ್ತಿ ಅಡ್ಡ ಮಲಗಿಸಿದರು.
ರಬ್ಬರಿನ ಪರದೆ ಅಲ್ಲಾಡಿ ನಿಂತಿತು.

ತಪಾಸಣೆಯಲ್ಲಿ ನನ್ನ ಕೈಚೀಲ ಹಿಂದಕ್ಕೆ ಬಂತು.
ಚಿತ್ರಾನ್ನ ಪಕ್ಕಕ್ಕಿಟ್ಟು ಆಕೆ ಕೇಳಿದಳು, ಇದೇನು?
ಪೆಡಲು.
ತಿರುಗಿಸಿ, ಉಲ್ಟಾ ಅಂತ ಓದಿ,
ಪೆಡಲನ್ನೇ ಮಗುಚಿ ನೋಡಿದಳು.
ಮತ್ತೆ ಸೈಕಲ್ಲು?
ಆಗಲೇ ಹತ್ತಿದೆ, ಅಂದೆ.