ಹಿಡಿಗಂಬಿ

ರಾತ್ರಿ ಪಾಳಿ ಮುಗಿಸಿ, ಮಲಗದೆಯೇ
ರೈಲು ಹತ್ತಿದೆವು ಮೂವರು.
ಲಿಂಕನ್‌ನಲ್ಲಿ ಇಳಿದಾಗ ಜುಬೇದಾಳ ಕೆನ್ನೆಯ ಮೇಲೆ
ಕಿಟಕಿ ಚೌಕಟ್ಟಿನ ಗೆರೆ.
"ಇವತ್ತು ಯಾರಾದರೂ ಬಿಪಿ, ಶುಗರ್ ಅಂದರೆ ಒಂದು ಪೌಂಡು ದಂಡ,"
ಅಂದಳು ಸೆವ್ರಿನ್.
ಅಂದ ಬಾಯಲ್ಲೇ ಎದುರು ಬಂದ ಮುದುಕನ
ಊದಿದ ಪಾದ ನೋಡಿ ಏನೋ ಗೊಣಗಿ
ಮೊದಲ ದಂಡ ತಾನೇ ತೆತ್ತಳು.

ಇಲ್ಲಿಯ ಏರಿಗೆ ಹೆಸರೇ ಕಡಿದಾದ ಗುಡ್ಡ.
ಹೆಸರಿಟ್ಟವನು ಏದುಸಿರು ಬಿಡುತ್ತಿದ್ದಿರಬೇಕು,
ಬೇರೆ ಪದ ಹುಡುಕಲು ದಮ್ಮು ಸಾಲಲಿಲ್ಲ.
ಎರಡೂ ಬದಿಯ ಅಂಗಡಿಗಳು ಒಂದು ಭುಜ ಇಳಿಸಿ ನಿಂತಿವೆ,
ಸೊಂಟದಲ್ಲಿ ಕೊಡ ಇಟ್ಟುಕೊಂಡವರ ಹಾಗೆ.
ಅರ್ಧ ಏರಿರಲಿಲ್ಲ,
ಸೆವ್ರಿನಳ ಬೂಟಿನ ಅಟ್ಟೆ ಬಾಯಿ ಬಿಟ್ಟಿತು.
ಮೆಟ್ಟಿಲೊಂದರ ಮೇಲೆ ಕೂರಿಸಿದೆವು.
ನನ್ನ ಚೀಲದಲ್ಲಿ ಬ್ಯಾಂಡೇಜು ಯಾವಾಗಲೂ ಇರುತ್ತದೆ.
ಎಂಟರ ಆಕಾರದಲ್ಲಿ ಸುತ್ತಿ, ಪಿನ್ನು ಚುಚ್ಚಿ,
ತಾರೀಖು ಬರೆಯಲು ಪೆನ್ನು ಕೇಳಿದಳು ಜುಬೇದಾ.
ಇನ್ನೊಂದು ಪೌಂಡು.

ಕೆಥೆಡ್ರಲ್ಲಿನ ಕಂಬಗಳ ನಡುವೆ, ತೀರಾ ಮೇಲೆ,
ಕಾಲ ಮೇಲೆ ಕಾಲು ಹಾಕಿ ಕೂತಿದೆ
ಕಲ್ಲಾಗಿಹೋದ ಒಂದು ತುಂಟ ಪಿಶಾಚಿ.
ನಾಣ್ಯ ಹಾಕಿದರೆ ಅದರ ಮೇಲೆ ದೀಪ.
ದೀಪ ಹತ್ತಿತು. ಸೆವ್ರಿನ್ ಬೇರೆ ಕಡೆ ನೋಡುತ್ತಿದ್ದಳು.
"ಎಲ್ಲಿ? ಎಲ್ಲಿ?"
ಆರಿತು.
ಮೂರು ನಾಣ್ಯ, ಮೂರು ಸಲ ಹೀಗೇ.
ನಾಲ್ಕನೆಯದಕ್ಕೆ "ಹಾಂ, ಕಂಡಿತು" ಅಂದಳು,
"ನೋವು ಕಡಿಮೆಯಾಗಿದೆ ಸಿಸ್ಟರ್" ಅನ್ನುವವರ ದನಿಯಲ್ಲಿ.

ರೋಮನ್ನರ ಕಮಾನಿನ ಅಡಿಯಲ್ಲಿ ಈಗಲೂ ಕಾರು.
ಒಮ್ಮೆ ಲಾರಿಯೊಂದು ಗುದ್ದಿತ್ತಂತೆ,
ಕಲ್ಲು ಮತ್ತೆ ಕೂಡಿಸಿದ್ದಾರೆ, ಗಾಯ ಗೊತ್ತಾಗುವುದಿಲ್ಲ.
"ನಮ್ಮ ರಾಯಚೂರಿನ ಕಾಟಿ ದರ್ವಾಜಾದಾಗೂ
ಆಟೋದವ್ರು ಹಾರ್ನು ಹೊಡ್ಕೋತ ನುಗ್ತಾರ," ಅಂದೆ.
ಹನ್ನೊಂದು ವರ್ಷದಲ್ಲಿ ಆ 'ನುಗ್ತಾರ'
ಈ ನೆಲದ ಮೇಲೆ ನನ್ನ ಬಾಯಿಂದ ಬಿದ್ದದ್ದು ಇದೇ ಮೊದಲು.
ಭಟ್ಕಳದ ಜುಬೇದಾಳಿಗೆ ಅದು ಇನ್ನೊಂದು ದೇಶದ ಮಾತು.
ಆದರೂ ಎತ್ತಿಕೊಂಡಳು, ಸಂಜೆಯವರೆಗೆ ಬಿಡಲಿಲ್ಲ:
ಬಸ್ಸು ನುಗ್ತಾರ, ಪಾರಿವಾಳ ನುಗ್ತಾರ,
ನೋಡೇ, ಮೋಡ ನುಗ್ತಾರ.

ನಾಲ್ಕಕ್ಕೇ ಕತ್ತಲು, ತುಂತುರು.
ಇಳಿಯುವಾಗ ಮಾತು ಮುಗಿದಿತ್ತು,
ನಿದ್ದೆ ಮೊಣಕಾಲಿನಿಂದ ಮೇಲಕ್ಕೆ ಬರುತ್ತಿತ್ತು.
ಇಳಿಜಾರಿನ ಬದಿಗೆ ಒಂದು ಕಬ್ಬಿಣದ ಹಿಡಿಗಂಬಿ.
ನಮ್ಮ ವಾರ್ಡಿನ ಓಣಿಯಲ್ಲೂ ಇದೆ ಇಂಥದ್ದು.
ಅಲ್ಲಿ ನಾವು ಹೇಳುವವರು:
ಹಿಡಿದುಕೊಳ್ಳಿ, ನಿಧಾನ, ಅವಸರವಿಲ್ಲ.
ಇಲ್ಲಿ ಯಾರೂ ಹೇಳಲಿಲ್ಲ.
ಹಿಡಿದೆ.
ತಣ್ಣಗೆ, ತಣ್ಣಗೆ, ಒದ್ದೆ, ತಣ್ಣಗೆ,
ಆಮೇಲೆ ಒಂದು ಗೇಣು ಬೆಚ್ಚಗೆ.
ಸೆವ್ರಿನ್ ನಿಂತು
ಬ್ಯಾಂಡೇಜು ಬಿಗಿಮಾಡಿಕೊಂಡ ಜಾಗ.

ಸ್ಟೇಷನ್ನಿನಲ್ಲಿ ದಂಡ ಎಣಿಸಿದೆವು. ಏಳು ಪೌಂಡು.
ಮೂರು ಚಹಾಕ್ಕೆ ಸಾಲಲಿಲ್ಲ.
ಎರಡು ತಂದು
ಖಾಲಿ ಲೋಟ ಒಂದು ಕೇಳಿ ಪಡೆದೆವು.