ಡ್ರೈವರ್ ಬಿಡವಲ್ಲ

ಕಡೀ ಲಾರಿ ತೂಗಿ ಕಳಿಸಿದಾಗ ಹತ್ತೂ ನಲವತ್ತು.
ಚೀಟಿ ಹರದು ಕೊಟ್ಟೆ, ಗಲ್ಲಾ ಎಣಿಸಿದೆ,
ಶಟ್‌ಡೌನ್ ಒತ್ತಿದೆ.
ಪರದೆ ನೀಲಿ ಆತು. ಬಿಳೀ ಚುಕ್ಕಿ ತಿರಗಾಕ ಹತ್ತಿದವು
ಕಣದಾಗ ಮೇಟಿ ಸುತ್ತ ಎತ್ತು ತಿರಗಿದಂಗ.
ಕಾಳಿಲ್ಲ, ಹೊಟ್ಟಿಲ್ಲ, ಬರೇ ಸುತ್ತು.

ಹನ್ನೆರಡು ದಿನದಿಂದ ಇದೇ ಗೋಳು.
ತಡೀಲಾರದ ಸ್ವಿಚ್ಚು ಆರಿಸಿದ್ರ
ಮುಂಜಾನೆ ಮೂರು ತೂಕ ಮಂಗಮಾಯ,
ಮಾಲಕ್ರು ಪರದೆ ಬಿಟ್ಟು ನನ್ನ ಮಾರಿ ನೋಡ್ತಾರ.

ಗಂಗಾವತಿ ಶರ್ಫುದ್ದೀನ ಫೋನಿನ್ಯಾಗ ಅಂದ:
"ಹುಲಿಗೆಮ್ಮಕ್ಕ, ಅದು ಡ್ರೈವರ್ ಪ್ರಾಬ್ಲೆಮ್ಮು."
ಬಾಗಿಲದಾಗ ಕುಂತ ವಾಚ್‌ಮನ್ ಮೌಲಾಲಿ ಕಿವಿ ನಿಗರಿದವು,
ಮೂವತ್ತೊಂದು ವರ್ಷ ಲಾರಿ ಹೊಡದಾಂವ.
"ಮಾಲು ಕಮ್ಮಿ ಬಿದ್ರ ಡ್ರೈವರು,
ಚೀಲ ತೊಯ್ದ್ರ ಡ್ರೈವರು,
ಈಗ ಪೆಟಗಿಗೆ ನಿದ್ದಿ ಹತ್ತದಿದ್ರೂ ಡ್ರೈವರು?
ಇದ್ಯಾವ ನ್ಯಾಯಬೇ?"

ಒಂದೊಂದ ವಾಯರ್ ಕೀಳು, ಅಂದ ಶರ್ಫುದ್ದೀನ.
ಮೌಸ್ ಕಿತ್ತೆ. ತಿರಗತಿತ್ತು.
ಪ್ರಿಂಟರ್ ಕಿತ್ತೆ. ತಿರಗತಿತ್ತು.
ಮಾಲಕರ ಮಗಳ ಮದುವಿ ಫೋಟೋ ತುಂಬಿದ
ಪೆನ್‌ಡ್ರೈವ್ ಕಿತ್ತೆ. ಅದಕ್ಕೂ ಜಗ್ಗಲಿಲ್ಲ.
ಉಳದದ್ದು ಕಾಟಾದಿಂದ ಬಂದ ಕೇಬಲ್ಲು,
ಇಲಿ ಕಡದು ನಾನೇ ಟೇಪು ಸುತ್ತಿದ್ದು.
ಎಳದೆ.

ಟಕ್.
ಕತ್ತಲಿ. ಫ್ಯಾನು ಉಸಿರು ಬಿಟ್ಟು ನಿಂತಿತು.

"ಕಾಟಾ ಮಾತು ನಿಲ್ಲಸಾಂಗಿಲ್ಲ,
ಹಳೇ ಡ್ರೈವರ್ ಕಿವಿ ತಗಿಯಾಂಗಿಲ್ಲ,
ನಡಕ ಮಷಿನ್ನಿಗೆ ಜಾಗರಣಿ" ಅಂದ ಶರ್ಫುದ್ದೀನ.
ರಾತ್ರಿ ಹನ್ನೊಂದಕ್ಕ ಕಾಟಾಕ್ಕ ಎಂಥಾ ಮಾತು?
ಕಿಡಕ್ಯಾಗ ಇಣುಕಿದೆ. ಕೆಂಪು ಅಂಕಿ: 20.
ಯಾರದಿದು ಇಪ್ಪತ್ತು ಕಿಲೋ?
ಮೌಲಾಲಿ ಬ್ಯಾಟರಿ ಬಿಟ್ಟ.
ಹಗಲಿನ ಬಿಸಿ ಇನ್ನೂ ಹಿಡದಿದ್ದ ಕಬ್ಬಿಣದ ಮ್ಯಾಲೆ
ಕಂದು ನಾಯಿ ಕಾಲು ಚಾಚಿ ಮಲಗಿತ್ತು.
ಚೀಟಿ ಕೇಳಲಿಲ್ಲ.

ಮರುದಿನ ಶರ್ಫುದ್ದೀನ ಬಂದ,
ಹಳದಿ ತ್ರಿಕೋಣ ತೋರಿಸಿದ,
ಹಳೇ ಡ್ರೈವರನ್ನ ಕಿತ್ತು ಹೊಸಾದು ಕುಂದರಿಸಿದ.
("ಪಿಂಚಣಿ ಕೊಟ್ರೇನ್ರಿ ಅವಗ?" ಮೌಲಾಲಿ ಕೇಳಿದ.)
ಈಗ ಏಳು ಸೆಕೆಂಡು. ಎಣಿಸೇನಿ.
ಒತ್ತಿದ್ರ ಏಳಕ್ಕ ಕತ್ತಲಿ.

ಆದ್ರ ಕಾರಟಗಿ ಕಡೀ ಬಸ್ಸು ಹನ್ನೊಂದೂ ಕಾಲಕ್ಕೇ ಬರತೈತಿ,
ಅದಕ್ಯಾರೂ ಹೊಸಾ ಡ್ರೈವರ್ ಹಾಕಿಲ್ಲ.
ಮತ್ತ ಚುಕ್ಕಿ ತಿರಗೋತನಕ ದಿನಾ ಮೌಲಾಲಿ ಹೇಳತಿದ್ದ ಕಥಿ
ಖಂಬಾಟ್ಕಿ ಘಾಟಿನ್ಯಾಗ ನಿಂತೈತಿ,
ಹದಿನಾರು ಟನ್ ಅಕ್ಕಿ, ಇಳಕಲು, ಬ್ರೇಕು ಹೋಗೇದ,
ಕ್ಲೀನರ್ ಹುಡುಗ ಕಲ್ಲು ಹಿಡಕೊಂಡು ಜಿಗಿಯಾಕ ಹತ್ಯಾನ.

ಇವತ್ತ ಬಟನ್ನಿನ ಮ್ಯಾಲೆ ಬೆರಳಿಟ್ಟೆ.
ಒತ್ತಲಿಲ್ಲ.
"ಮುಂದ?" ಅಂದೆ.