ಬಳೆ ತೆಗೆದಿಟ್ಟ ಕೈ

ಸಾಲಗಾಮೆ ರಸ್ತೆಯಲ್ಲಿ, ಪೇಂಟಿನಂಗಡಿಯ ಮೇಲೆ
ನನ್ನ ಸ್ಟುಡಿಯೋ. ಹದಿನೆಂಟು ಮೆಟ್ಟಿಲು.
ಬಾಣಂತಿಯರಿಗೆ ಹತ್ತುವುದು ಕಷ್ಟ, ಗೊತ್ತು.
ಕೆಳಗಿನ ಅಂಗಡಿಗಳ ಬಾಡಿಗೆ ನನಗೆ ಹತ್ತಲಾಗದ ಮೆಟ್ಟಿಲು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದಂತೆ.
ನನ್ನ ಬೀರುವಿನಲ್ಲಿ ಎಪ್ಪತ್ತಮೂರು ಕುಲಾವಿ
ಇನ್ನೂ ಹುಟ್ಟದ ತಲೆಗಳಿಗೆ ಕಾಯುತ್ತ ಕೂತಿವೆ.
ಪ್ರತಿ ಸಲ ಒಗೆದು, ಬಿಸಿಲಿಗೆ ಹಾಕಿ,
ಒಳಮಗ್ಗುಲು ಹೊರಳಿಸಿ ನೋಡುತ್ತಾಳೆ ಪುರದಮ್ಮ.
ಬಿಚ್ಚಿದ ದಾರದ ಒಂದೆಳೆ ಸಾಕಂತೆ
ಬೆರಳಿಗೆ ಸುತ್ತಿಕೊಂಡು ಬೆರಳೇ ಕಪ್ಪಿಡಲು.

ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ
ಇಪ್ಪತ್ತೊಂಬತ್ತು ವರ್ಷ ಆಯಾ ಆಗಿದ್ದವಳು.
ಮೊದಲ ದಿನ ಕೇಳಿದಳು, "ಇಲ್ಲಿ ಏನ್ ಕೆಲ್ಸ?"
"ಹಿಡ್ಕೊಳ್ಳೋದು" ಅಂದೆ.
"ಅಷ್ಟೇನಾ?"
ಎರಡೂ ಕೈಯ ಹಸಿರು ಬಳೆ ಒಂದೊಂದಾಗಿ ಜಾರಿಸಿ
ಲೆನ್ಸಿನ ಡಬ್ಬಿಯಲ್ಲಿಟ್ಟಳು.

ಬೆಳಗ್ಗೆ ಹೀಟರು ಹಚ್ಚಿ, ದೂರ ಸರಿಸಿ,
ಮೊಣಕೈ ಊರಿ ಹಾಸಿಗೆಯ ಬಿಸಿ ನೋಡುತ್ತಾಳೆ.
ಬಾಗಿಲಲ್ಲಿ ಯಾರೇ ಕೆಮ್ಮಲಿ,
ಸೋದರಮಾವನಾಗಲಿ, ಕೌನ್ಸಿಲರ್ ಆಗಲಿ,
ಬಂದ ಹದಿನೆಂಟೂ ಮೆಟ್ಟಿಲು ವಾಪಸ್.

ಅವಳು ಬರುವ ಮೊದಲು, ಒಂದು ಸಲ,
ಕೊಂಬೆಗೆ ನೇತುಹಾಕಿದ ಬುಟ್ಟಿ ವಾಲಿತ್ತು.
ನಾನು ಕ್ಯಾಮೆರಾದ ಹಿಂದಿದ್ದೆ.
ಹಿಡಿದದ್ದು ಆ ಕೂಸಿನ ಅಜ್ಜಿ.
ನಾನು ಹಿಡಿದದ್ದು ಫೋಟೋ.
ಇಷ್ಟು ಸಾಕು, ಅದರ ಮಾತು.

ಹೋದ ವಾರ ಆಲೂಗಡ್ಡೆ ಮಂಡಿಯ ರೇಣುಕಪ್ಪ ಬಂದರು,
ಹೆಂಡತಿ, ಅತ್ತೆ, ಹನ್ನೊಂದು ದಿನದ ಮಗಳು.
ಫೋನು ಚಾಚಿ ತೋರಿಸಿದರು:
ಯಾವುದೋ ದೇಶದ ಕೂಸು, ಮೊಣಕೈ ಊರಿ,
ಅಂಗೈ ಮೇಲೆ ಗಲ್ಲವಿಟ್ಟು,
ಲೆಕ್ಕ ತಪ್ಪಿದ ಮೇಷ್ಟರ ಹಾಗೆ ನಿದ್ದೆ ಹೋಗಿದೆ.
"ಸೇಮ್ ಹಿಂಗೇ. ಕೆಳಗೆ ನಮ್ಮ ಆಲೂಗಡ್ಡೆ ರಾಶಿ.
ಮೂಟೆ ಕಾರಲ್ಲೇ ಐತೆ."

ಪುರದಮ್ಮ ಮೂಟೆಯ ವಿಚಾರ ಎತ್ತಲಿಲ್ಲ. ಕೂಸಿನ ಕತ್ತು ನೋಡಿದಳು.
"ಇದರ ತಲೆ ಇದಕ್ಕೇ ಭಾರ, ಸ್ವಾಮಿ.
ಕತ್ತು ನಿಲ್ಲೋಕೆ ಇನ್ನೂ ತಿಂಗಳುಗಳು ಬೇಕು.
ಆ ಫೋಟೋದಾಗೂ ಯಾರೋ ಹಿಡ್ಕಂಡವ್ರೆ,
ನಿಮಗೆ ಕಾಣ್ತಿಲ್ಲ ಅಷ್ಟೆ."

ನನ್ನ ಕಸುಬಿನ ಗುಟ್ಟು ಹೀಗೆ ಬೀದಿಗೆ ಬಿತ್ತು.
ಒಂದು ಫೋಟೋದಲ್ಲಿ ಅವಳ ಬೆರಳು ನೆತ್ತಿಯ ಹತ್ತಿರ,
ಇನ್ನೊಂದರಲ್ಲಿ ಕೂಸಿನ ಮಣಿಕಟ್ಟಿನ ಕೆಳಗೆ;
ರಾತ್ರಿ ಎರಡನ್ನೂ ಕಂಪ್ಯೂಟರಿನಲ್ಲಿ ಹೊಲಿದು
ಕೈಯನ್ನು ಅಳಿಸಿಬಿಡುತ್ತೇನೆ.

ಕಿಟಕಿಯ ಬೆಳಕು. ಬೀನ್ ಬ್ಯಾಗು. ಕೂಸು ಮಲಗಿತು.
ನಾಲ್ಕು ಫೋಟೋ ಬಂದವು. ಐದನೆಯದಕ್ಕೆ
"ಸಾಕು" ಅಂದಳು ಪುರದಮ್ಮ.
"ಇನ್ನೊಂದೇ" ನನ್ನ ಬಾಯಲ್ಲೇ ಇತ್ತು.
ಪಾದ ನೋಡಿದೆ. ನೇರಳೆ ತಿರುಗುತ್ತಿತ್ತು.
ಅಷ್ಟರಲ್ಲಿ ಅವಳು ಕಾಲು ಬಿಡಿಸಿ, ಬಟ್ಟೆ ಹೊದಿಸಿ,
ತಾಯಿಯ ಮಡಿಲಿಗೆ ದಾಟಿಸಿಯಾಗಿತ್ತು.

ಆಮೇಲೆ ಆಲೂಗಡ್ಡೆಗಳ ಸರದಿ.
ರೇಣುಕಪ್ಪ ನೆಲದ ಮೇಲೆ ಕೂತು
ಟವೆಲ್ಲಿನಿಂದ ಒಂದೊಂದನ್ನೂ ಒರೆಸಿ ಜೋಡಿಸಿದರು.
ಮೂಲೆಯಲ್ಲಿ ಮಗಳು ಹಾಲು ಕುಡಿಯುತ್ತಿದ್ದಳು.
ಹೊರಡುವಾಗ ಅತ್ತೆ ಹೇಳಿದ್ದು ಒಂದೇ:
"ಏನ್ ಬೇಕಾದ್ರೂ ಅಳಿಸವ್ವ, ದೃಷ್ಟಿಬೊಟ್ಟು ಮಾತ್ರ ಬಿಡು."

ಅಳಿಸಿದೆ. ಸಿಪ್ಪೆಯೆದ್ದ ಚರ್ಮ, ಹಳದಿ ಛಾಯೆ,
ಬೀನ್ ಬ್ಯಾಗಿನ ಸುಕ್ಕು, ಕೊನೆಗೆ ಆ ಕೈ.
ಮಗಳೀಗ ಮಂಡಿಯ ಯಜಮಾನಿ,
ರಾಶಿಯ ಮೇಲೆ ಗಲ್ಲ ಊರಿ, ಕೆನ್ನೆಗೆ ಕಪ್ಪು ಬೊಟ್ಟು.

ಪುರದಮ್ಮ ಡಬ್ಬಿಯಿಂದ ಬಳೆ ಎಣಿಸಿಕೊಳ್ಳುತ್ತಿದ್ದಳು.
"ಇದರಾಗೆ ನಾನೆಲ್ಲಿದೀನಿ?" ಅಂದಳು, ತಮಾಷೆಗೆ.
ದೊಡ್ಡದು ಮಾಡಿ ತೋರಿಸಿದೆ:
ಕಿವಿಯ ಮೇಲೆ, ಗಾಳಿಯಷ್ಟು ತೆಳು ಕೂದಲಿನಲ್ಲಿ
ಎರಡು ಬೆರಳಗಲ ಕೂದಲು ಮಲಗಿಬಿಟ್ಟಿತ್ತು.
ಅದನ್ನೆಬ್ಬಿಸಲು ನನಗೆ ಬಂದಿರಲಿಲ್ಲ.

ಖುಷಿಪಡುತ್ತಾಳೆ ಅಂದುಕೊಂಡಿದ್ದೆ.
ಬಳೆ ಕೈಯಲ್ಲೇ ಹಿಡಿದು ಪರದೆಯ ಹತ್ತಿರ ಬಗ್ಗಿದಳು.
"ಜಾಸ್ತಿ ಒತ್ತಿಬಿಟ್ನಾ?" ಅಂದಳು.
"ಸರಿಯಾಗಿ ನೋಡವ್ವ. ಜಾಸ್ತಿ ಒತ್ತಿಬಿಟ್ನಾ?"